ಓದಿ ಹೇಳಿದವಳು

ಅಕ್ಟೋಬರ್ 9, ಮಂಗಳವಾರ

ಟೋಕನ್ 31. ಹೋದ ಸಲ 44 ಇತ್ತು. ಪ್ರಗತಿ.

ಏಳಕ್ಕೆ ಆಸ್ಪತ್ರೆಗೆ ಹೋದರೂ ಬೆಂಚು ಭರ್ತಿ. ಗೋಡೆಗೊರಗಿ ನಿಂತೆ. ಫೈಲು ಮೂರನೇ ಸಲ ನೋಡಿಕೊಂಡೆ — ಮ್ಯಾಮೊಗ್ರಾಂ, ಸ್ಕ್ಯಾನು, ವಿಮೆ ಕಾರ್ಡಿನ ಝೆರಾಕ್ಸ್ ಎರಡಲ್ಲ ಮೂರು. ಇಲ್ಲಿ ಒಂದು ಕಾಗದ ಕಮ್ಮಿಯಾದರೆ ಒಂದು ತಿಂಗಳು ಹೋಯಿತು ಅಂತ ಲೆಕ್ಕ. ಕಲಿತಿದ್ದೇನೆ.

ಸ್ಕ್ಯಾನಿನ ಕೊನೇ ಸಾಲು: ಬಲ ಸ್ತನ, ಶ್ರೇಣಿ ಐದು. ಹಾಗಂದರೇನು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನಾನೇ ಹುಡುಕಿ ಓದಿದೆ. ನೂರರಲ್ಲಿ ತೊಂಬತ್ತೈದು ಮಂದಿಗೆ ಕ್ಯಾನ್ಸರ್. ಬಹೀಜಾ ಅಂತಾಳೆ, "ಅಕ್ಕಾ, ನೀನು ಓದೋದ್ ಬಿಟ್ರೆ ಅರ್ಧ ಕಾಯಿಲೆ ವಾಸಿ." ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಮನೆಯಲ್ಲಿದ್ದೇವೆ. ಅವಳಿಗೆ ನಿದ್ದೆ ಬರುತ್ತೆ, ನನಗಿಲ್ಲ.

ನಾವಾಡುವುದು ಅರಬ್ಬಿ, ರಿಪೋರ್ಟುಗಳೆಲ್ಲ ಫ್ರೆಂಚಿನಲ್ಲಿ. ಬೆಂಚಿನ ಮೇಲಿರುವವರಲ್ಲಿ ಮುಕ್ಕಾಲು ಪಾಲಿಗೆ ಅದು ಇರುವೆ ಸಾಲು. ಇಪ್ಪತ್ತಾರು ವರ್ಷ ಕೋರ್ಟಿನ ಕಾಗದ ಅನುವಾದ ಮಾಡಿದ್ದು ನನ್ನ ಮುಖದ ಮೇಲೆ ಬರೆದಿದೆಯೋ ಏನೋ — ಎಲ್ಲಿ ನಿಂತರೂ ಯಾರಾದರೂ ಬಂದು ಒಂದು ಹಾಳೆ ಕೈಗಿಡುತ್ತಾರೆ. ಇವತ್ತು ಮೆಂಝೆಲ್ ಶಾಕರ್ ಕಡೆಯ ಹಳ್ಳಿಯ ಒಬ್ಬಳು. ಮೆಹರ್ಜಿಯಾ. ವಿಧವೆ, ನಲವತ್ತಮೂರು ಅಂದಳು. ಆಲಿವ್ ಕೀಳುವವರ ಕೈ, ಬೆರಳ ತುದಿಯೆಲ್ಲ ಬಿರುಕು. ಅಮ್ಮಾವ್ರೇ ಅನ್ನುವ ಗೌರವದಲ್ಲಿ ಲೆಲ್ಲಾ ಅಂತ ಕರೆದಳು.

"ಲೆಲ್ಲಾ, ಇದ್ರಲ್ಲಿ ಸಾಯ್ತೀನಿ ಅಂತ ಬರ್ದಿದ್ಯಾ?"

"ಇಲ್ಲ. ಒಂದು ಗಂಟಿದೆ, ಸೂಜಿ ಹಾಕಿ ನೋಡ್ಬೇಕು ಅಂತ ಬರೆದಿದೆ."

"ಅಷ್ಟೇ ತಾನೆ? ಇಷ್ಟುದ್ದ ಬರ್ದಿದಾರಲ್ಲ, ಪುಣ್ಯಾತ್ಮರು!"

ನಕ್ಕೆವು. ಹನ್ನೊಂದೂವರೆಗೆ ಕರೆದರು. ಮೊದಲು ನಾನು, ಹಿಂದೆಯೇ ಅವಳು. ಇಬ್ಬರಿಗೂ ಸೂಜಿ ಹಾಕಿ ಚೂರು ತೆಗೆದರು, ಬಯಾಪ್ಸಿಗೆ; ಇಬ್ಬರದೂ ಬಲಗಡೆ. ಹೊರಗೆ ಬರುವಾಗ ನರ್ಸು ಎರಡು ಡಬ್ಬಿ ಒಂದೇ ತಟ್ಟೆಯಲ್ಲಿಟ್ಟು ಚೀಟಿ ಅಂಟಿಸುತ್ತಿದ್ದಳು, ಫೋನು ಭುಜಕ್ಕೊತ್ತಿಕೊಂಡು. ಎರಡು ವಾರ, ಅಂದಳು. ತಲೆ ಎತ್ತಲಿಲ್ಲ.

ಅಕ್ಟೋಬರ್ 23

ಕ್ಯಾನ್ಸರ್ ಅಲ್ಲ. ನಿರುಪದ್ರವಿ ಗಡ್ಡೆಯಂತೆ. ಕಿಟಕಿಯ ಹತ್ತಿರವೇ ಲಕೋಟೆ ಹರಿದು ಓದಿದೆ. ಮೆಟ್ಟಿಲ ಮೇಲೆ ಕೂತೆ.

ಮೆಹರ್ಜಿಯಾ ಅಲ್ಲೇ ಇದ್ದಳು. ನನ್ನ ಮುಖ ನೋಡಿ ಅವಳಿಗೂ ಧೈರ್ಯ ಬಂತು ಅನ್ನಿಸುತ್ತೆ. ತನ್ನ ಲಕೋಟೆ ಕೊಟ್ಟಳು. "ನಿಮ್ ಕೈ ಗುಣ ಚೆನ್ನಾಗಿದೆ, ನೀವೇ ತೆಗೀರಿ."

ತೆಗೆದೆ. ಕಾರ್ಸಿನೋಮಾ. ಗ್ರೇಡ್ ಮೂರು — ಬೇಗ ಬೆಳೆಯುವ ಜಾತಿ.

ಹೇಳಿದೆ. ಮೆಲ್ಲಗೆ, ಆದರೆ ನೇರವಾಗಿ. ಸುಳ್ಳು ಸಮಾಧಾನ ಹೇಳುವವರನ್ನು ಕಂಡರೆ ನನಗಾಗದು. ಅವಳು ಕಾಗದ ವಾಪಸು ಇಸ್ಕೊಂಡು ನಾಲ್ಕಾಗಿ ಮಡಿಸಿದಳು. ಆಮೇಲೆ — ಆಲಿವ್ ಕಟಾವು ಮುಗಿದ ಮೇಲೆ ಮದುವೆಯಂತೆ. ಲಾರಿ ಓಡಿಸುವವನು ಒಬ್ಬ, ಅವನೂ ಹೆಂಡತಿ ಸತ್ತವನು, ಕೇಳಿಕೊಂಡು ಬಂದಿದ್ದಾನೆ.

"ಕಟಾವು ಮುಗೀಲಿ, ಮದ್ವೆ ಆಗ್ಲಿ. ಆಮೇಲೆ ಕೊಯ್ಸ್ಕೋತೀನಿ. ಎರಡ್ ತಿಂಗ್ಳು. ನೋವೇ ಇಲ್ಲ ಲೆಲ್ಲಾ, ಮುಟ್ಟಿದ್ರೆ ಗೋಲಿ ತರ ಜಾರ್ತದೆ."

ಗದರಿಸಿದೆ. "ಎರಡು ತಿಂಗಳು ಅನ್ನೋದು ನಿನ್ನ ಹತ್ರ ಇಲ್ಲ ಮೆಹರ್ಜಿಯಾ. ಬದುಕಿದ್ರೆ ತಾನೆ ಮದುವೆ? ಕಾಗದ ಸುಳ್ಳು ಹೇಳಲ್ಲ."

ಕೈ ಹಿಡಿದು ನಮ್ಮಿಬ್ಬರನ್ನೂ ನೋಡುವ ಸರ್ಜನ್ ಡಾಕ್ಟರ್ ಮ್ರಾದ್ ಕೋಣೆಗೆ ಕರೆದುಕೊಂಡು ಹೋದೆ. ಆಪರೇಷನ್ನಿಗೆ ತಾರೀಕು ಬರೆಸಿಕೊಟ್ಟೆ. ನವೆಂಬರ್ 13. ನನ್ನ ಫೋನ್ ನಂಬರನ್ನೂ, ಕಚೇರಿ ವಿಳಾಸವನ್ನೂ ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ಅಕ್ಟೋಬರ್ 24

ಬಹೀಜಾ ಮೀನು ಕುಸ್ಕುಸ್ ಮಾಡಿದಳು. ಪಕ್ಕದ ಮನೆಗೂ ಕೊಟ್ಟಳು. ತಿಂದೆ. ಚೆನ್ನಾಗಿತ್ತು.

ಆದರೆ ಒಂದು. "ಗೋಲಿ ತರ ಜಾರ್ತದೆ" ಅಂದಳಲ್ಲ. ನನ್ನದು ಜಾರುವುದಿಲ್ಲ. ಕಲ್ಲಿನ ಹಾಗೆ ಕಚ್ಚಿಕೊಂಡಿದೆ. ಮತ್ತೆ ಓದಿದೆ — ಸ್ಕ್ಯಾನು ಐದು ಅಂದು, ಬಯಾಪ್ಸಿ ಏನೂ ಇಲ್ಲ ಅಂದರೆ, ಎರಡೂ ತಾಳೆಯಾಗದಿದ್ದರೆ, ಬಯಾಪ್ಸಿ ಇನ್ನೊಮ್ಮೆ ಮಾಡಲೇಬೇಕು. ಎಲ್ಲ ಕಡೆ ಹಾಗೇ ಬರೆದಿದೆ.

ಕೇಳಬೇಕು.

ನವೆಂಬರ್ 6

ಕೇಳಿದೆ. ಡಾಕ್ಟರ್ ಮ್ರಾದ್ ನಿಂತೇ ಮಾತಾಡಿದರು. ಒಂದು ಕೈ ಬಾಗಿಲ ಹಿಡಿ ಮೇಲೆ.

"ಮೇಡಂ, ಎಲ್ಲ ಪೇಷೆಂಟುಗಳೂ ಕ್ಯಾನ್ಸರ್ ಇಲ್ಲ ಅಂತ ಹೇಳಿಸ್ಕೊಳ್ಳಕ್ಕೆ ಬರ್ತಾರೆ. ನೀವು ಇದೆ ಅಂತ ಹೇಳಿಸ್ಕೊಳ್ಳಕ್ಕೆ ಬಂದಿದ್ದೀರಾ?"

"ಎರಡು ರಿಪೋರ್ಟೂ ತಾಳೆ ಆಗ್ತಿಲ್ಲ ಡಾಕ್ಟ್ರೇ. ಅಷ್ಟೇ ಕೇಳ್ತಿರೋದು."

"ಎಲ್ಲಿ ಓದಿದ್ರಿ? ಇಂಟರ್ನೆಟ್ಟಲ್ಲಾ? ಆರು ತಿಂಗಳು ಬಿಟ್ಟು ಬನ್ನಿ. ಆಲಿವ್ ಎಣ್ಣೆ ತಿನ್ನಿ, ಚೆನ್ನಾಗಿ ನಿದ್ದೆ ಮಾಡಿ."

ಕೋಣೆಯಲ್ಲಿದ್ದ ಎಳೆಯ ಡಾಕ್ಟರುಗಳು ನಕ್ಕರು. ಹೊರಗೆ ಬಂದೆ. ರಿಪೋರ್ಟು ಬಂದ ದಿನದಿಂದ ಲೆಕ್ಕ ಹಾಕಿ ಏಪ್ರಿಲ್ 23ಕ್ಕೆ ಚೀಟಿ ಕೊಟ್ಟರು.

ನಿಜ ಬರೆಯಬೇಕು, ಇಲ್ಲಾದರೂ. ಅವಮಾನ ಆಯಿತು, ಅದು ಸರಿ. ಆದರೆ ಅದರ ಕೆಳಗೆ ಒಂದು ನೆಮ್ಮದಿಯೂ ಇತ್ತು. ಡಾಕ್ಟರೇ ಇಲ್ಲ ಅಂದ ಮೇಲೆ ನಾನ್ಯಾಕೆ...

ಡಿಸೆಂಬರ್ 11

ಬಚ್ಚಲಲ್ಲಿ ಕೈ ಎತ್ತಿದಾಗ ಕಂಡಿತು. ಚರ್ಮ ಒಂದು ಕಡೆ ಒಳಕ್ಕೆಳೆದಿದೆ. ಗುಳಿ. ಬಹೀಜಾಗೆ ತೋರಿಸಿದೆ. ಅವಳು ಈ ಸಲ ಓದಬೇಡ ಅನ್ನಲಿಲ್ಲ.

ಆಸ್ಪತ್ರೆಗೆ ಹೋದೆ. ಕಿಟಕಿಯವಳು ಚೀಟಿ ನೋಡಿದಳು. "ನಿಮ್ದು ಏಪ್ರಿಲ್."

"ಹೆಚ್ಚಾಗಿದೆ ಅಮ್ಮಾ."

"ಎಲ್ಲರ್ದೂ ಹೆಚ್ಚಾಗಿದೆ."

ಡಿಸೆಂಬರ್ 18, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ.

ಹತ್ತು ಗಂಟೆಗೆ ಮೆಹರ್ಜಿಯಾ ಕಚೇರಿಗೆ ಬಂದಳು. ಬಾಬ್ ದಿವಾನ್ ಕೋಟೆಬಾಗಿಲ ಹತ್ತಿರ ಎಲ್ಲರನ್ನೂ ಕೇಳಿಕೊಂಡು ಹುಡುಕಿದಳಂತೆ. ಐದು ಲೀಟರಿನ ಕ್ಯಾನು, ಹೊಸ ಎಣ್ಣೆ, ಇನ್ನೂ ಹಸಿರು. ಮೂರು ಮಹಡಿ ಎಡಗೈಯಲ್ಲೇ ಹೊತ್ತು ತಂದಿದ್ದಳು. ಬಲಗೈ ಎತ್ತಲು ಬರುವುದಿಲ್ಲ. ಎದೆ ಒಂದು ಕಡೆ ಚಪ್ಪಟೆ. ಹೊದ್ದ ಕಂಬಳಿ ಸರಿಮಾಡಿಕೊಳ್ಳುತ್ತಲೇ ಇದ್ದಳು.

"ನೀವು ಬೈದು ಕಳಿಸ್ದಿದ್ರೆ ನಾನು ಇಷ್ಟೊತ್ತಿಗೆ ಮಣ್ಣಲ್ಲಿರ್ತಿದ್ದೆ ಲೆಲ್ಲಾ. ಲಾರಿಯವನು ಹಿಂದೆ ಸರ್ದ. ಅರ್ಧ ಹೆಂಗ್ಸು ಬೇಡ್ವಂತೆ. ಹೋಗ್ಲಿ ಬಿಡಿ, ಜೀವ ಇದ್ಯಲ್ಲ. ಡಾಕ್ಟ್ರು ಎಲ್ಲಾ ಹೋಯ್ತು ಅಂದ್ರು. ಇದ್ರಲ್ಲಿ ಬರ್ದಿದ್ಯಂತೆ. ಓದಿ ಹೇಳಿ, ನಿಮ್ ಬಾಯಲ್ಲಿ ಕೇಳ್ಬೇಕು."

ಕತ್ತರಿಸಿ ತೆಗೆದದ್ದನ್ನು ಪರೀಕ್ಷೆ ಮಾಡಿದ ರಿಪೋರ್ಟು. ಎರಡು ಪುಟ. ಓದಿದೆ. ಇಡೀ ಸ್ತನದಲ್ಲಿ ಎಲ್ಲೂ ಕ್ಯಾನ್ಸರ್ ಸಿಕ್ಕಿಲ್ಲ. ಸಿಕ್ಕಿದ್ದು ಒಂದೇ ಗಡ್ಡೆ, ನಿರುಪದ್ರವಿ. ಅದರೊಳಗೆ ಬಯಾಪ್ಸಿ ಸೂಜಿ ಹೋದ ಗುರುತು.

ಸೂಜಿ ಹೋದದ್ದು ಒಳ್ಳೆಯ ಗಡ್ಡೆಗೆ. ಬಂದ ರಿಪೋರ್ಟು ಕೆಟ್ಟದ್ದು. ಅದೇ ದಿನ, ಅವಳಿಗಿಂತ ಒಂದು ನಂಬರ್ ಮುಂಚೆ, ನನ್ನ ಕಲ್ಲಿನಂಥ ಗಂಟಿಗೆ ಬಂದದ್ದು ಒಳ್ಳೆಯ ರಿಪೋರ್ಟು.

ಚೀಟಿ ಅದಲುಬದಲು. ಆ ತಟ್ಟೆ. ಆ ಎರಡು ಡಬ್ಬಿ.

ಅವಳಿಗೆ ಏನೂ ಇರಲಿಲ್ಲ.

"ಏನ್ ಬರ್ದಿದೆ?"

"ಕ್ಯಾನ್ಸರ್ ಇಲ್ಲ ಅಂತ ಬರೆದಿದೆ," ಅಂದೆ.

ಅಕ್ಷರಶಃ ಸತ್ಯ. ಅವಳು ನನ್ನ ಎರಡೂ ಕೈ ಹಿಡಿದು ಮುತ್ತಿಟ್ಟಳು. ಆದರೂ ಜನವರಿ ಎಂಟಕ್ಕೆ ಕೀಮೋ ಶುರುವಂತೆ. ಮೊದಲ ರಿಪೋರ್ಟು ಗ್ರೇಡ್ ಮೂರು ಅಂದಿತ್ತಲ್ಲ, ಅದಕ್ಕೆ, ಮುನ್ನೆಚ್ಚರಿಕೆಗೆ. ಬಾಗಿಲ ತನಕ ಹೋಗಿ ಕಳಿಸಿದೆ.

ಖಚಿತ ಮಾಡಿಕೊಳ್ಳದೆ ಹೇಳಬಾರದು. ಊಹೆಯ ಮೇಲೆ ಒಬ್ಬಳಿಗೆ ಇಂಥದ್ದು ಹೇಳಬಾರದು. ಮೊದಲು ನನ್ನ ಬಯಾಪ್ಸಿ.

ಡಿಸೆಂಬರ್ 20

ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಬಯಾಪ್ಸಿ ಸ್ಲೈಡು ಕೇಳಿದೆ. ಅದು ರೋಗಿಯ ಹಕ್ಕು ಅಂತ ಕಾನೂನಿನ ಹಾಳೆಯನ್ನೂ ಒಯ್ದಿದ್ದೆ. ಅಲ್ಲಿನ ಹಳೇ ಗುಮಾಸ್ತ ಹಾಳೆ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಹಕ್ಕು ಇದೆ ತಾಯಿ, ಯಾರಿಲ್ಲ ಅಂದ್ರು? ಡಾಕ್ಟರ್ ಮ್ರಾದ್ ಸೈನ್ ಬೇಕು."

ಮ್ರಾದ್ ರಜೆ. ಹೊಸ ವರ್ಷದ ತನಕ.

ಖಾಸಗಿಯಲ್ಲಿ ಹೊಸದಾಗಿ ಬಯಾಪ್ಸಿ ಮಾಡಿಸಿದೆ. ಡಬ್ಬಿಗೆ ಚೀಟಿ ಅಂಟಿಸುವ ತನಕ ಟೇಬಲ್ಲಿನಿಂದ ಇಳಿಯಲಿಲ್ಲ. ಹೆಸರು ಗಟ್ಟಿಯಾಗಿ ಓದಿ ಅಂದೆ. ನರ್ಸಿಗೆ ಸಿಟ್ಟು ಬಂತು. ಬರಲಿ.

ಜನವರಿ 2

ಕಾರ್ಸಿನೋಮಾ. ಗ್ರೇಡ್ ಮೂರು.

ಗೆದ್ದೆ.

ಜನವರಿ 3, ಗುರುವಾರ

ಮೆಹರ್ಜಿಯಾದೂ ನನ್ನದೂ ಅದಲುಬದಲಾದದ್ದು ಹೇಳಿದೆ; ಮ್ರಾದ್ ಹೊಸ ರಿಪೋರ್ಟು ಓದಿದರು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. "ಕೂತ್ಕೊಳ್ಳಿ ಮೇಡಂ." ಮೊದಲ ಸಲ ಕೂತ್ಕೊಳ್ಳಿ ಅಂದದ್ದು.

"ಇದನ್ನ ಯಾರ್ಯಾರಿಗೆ ತೋರಿಸಿದ್ದೀರಿ?"

"ತಂಗಿಗೆ. ಈಗ ನಿಮಗೆ."

ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಕೆಟ್ಟ ಮನುಷ್ಯ ಅಲ್ಲ ಅನ್ನಿಸಿತು, ಹೆದರಿದ ಮನುಷ್ಯ. ಅದು ಇನ್ನೂ ಅಪಾಯ.

"ನಿಮ್ಮ ಆಪರೇಷನ್ ಹದಿನೇಳಕ್ಕೆ ಹಾಕ್ತೀನಿ. ನಾನೇ ಮಾಡ್ತೀನಿ. ಮಿಕ್ಕೋರು ಮಾರ್ಚ್ ತನಕ ಕಾಯ್ತಿದಾರೆ, ನೋಡಿದ್ದೀರಲ್ಲ."

"ಮೆಹರ್ಜಿಯಾಗೆ ಎಂಟಕ್ಕೆ ಕೀಮೋ ಇದೆ."

"ಗೊತ್ತು. ನಿಲ್ಲಿಸ್ತೀನಿ. ಕಮಿಟಿ ಕೂರ್ಬೇಕು, ಹೇಳೋದಕ್ಕೂ ಒಂದು ರೀತಿ ಇದೆ. ಹಳ್ಳಿ ಹೆಂಗಸು, ಗಾಬರಿ ಆಗ್ತಾಳೆ. ನಾನು ಹೇಳ್ತೀನಿ. ನೀವು ಮಾತ್ರ ದಯವಿಟ್ಟು ಬಾಯಿ ಬಿಡ್ಬೇಡಿ."

ಹದಿನೇಳು. ಮಾರ್ಚ್ ಅಲ್ಲ, ಹದಿನೇಳು. ಆ ಚೀಟಿ ಇಸ್ಕೊಂಡೆ. ತಲೆ ಆಡಿಸಿದೆ.

ಜನವರಿ 7

ಮ್ರಾದ್ ಫೋನ್ ಎತ್ತುತ್ತಿಲ್ಲ. ಅವಳ ನಂಬರು ಡಯಲ್ ಮಾಡಿದೆ. ಒಂದು ಸಲ ರಿಂಗ್ ಆಯಿತು. ಕಟ್ ಮಾಡಿದೆ.

ನಿಲ್ಲಿಸುತ್ತೇನೆ ಅಂದಿದ್ದಾರಲ್ಲ. ಡಾಕ್ಟರು ಅಂದಮೇಲೆ... ನಾನು ಅಡ್ಡ ಬಾಯಿ ಹಾಕಿ ಆ ತಾರೀಕೂ ಹೋದರೆ? ಇಷ್ಟು ವಾರ ಸುಮ್ಮನೆ ಬೆಳೆದಿದೆ ನನ್ನೊಳಗೆ.

ಜನವರಿ 10

ಅವಳೇ ಫೋನ್ ಮಾಡಿದಳು. ದನಿ ಗುರುತು ಸಿಗಲಿಲ್ಲ. "ಲೆಲ್ಲಾ, ಸೂಜಿ ಹಾಕ್ಸ್ಕೊಂಡ್ ಬಂದ್ಮೇಲೆ ನೀರೂ ನಿಲ್ತಿಲ್ಲ. ಇದು ಹೀಗೇನಾ? ನೀವು ಓದಿರ್ತೀರಲ್ಲ."

ಕೊಟ್ಟಿದ್ದಾರೆ. ಎಂಟಕ್ಕೆ. ಯಾರೂ ನಿಲ್ಲಿಸಿಲ್ಲ. ಯಾರೂ ಹೇಳಿಲ್ಲ.

ನಾನೂ ಹೇಳಿಲ್ಲ.

ಜನವರಿ 11, ಶುಕ್ರವಾರ

ಬೆಳಿಗ್ಗೆಯೇ ಮೆಹರ್ಜಿಯಾ ಊರಿಗೆ ಹೊರಟೆ. ಬಾಡಿಗೆ ವ್ಯಾನು ಎಂಟು ಜನ ತುಂಬುವ ತನಕ ಕದಲಲಿಲ್ಲ. ಡಾಂಬರಿನಿಂದ ಇಳಿದು ಎರಡು ಕಿಲೋಮೀಟರ್ ನಡೆದೆ. ಗಾಳಿ. ದಾರಿಯುದ್ದಕ್ಕೂ ಮರಗಳ ಕೆಳಗೆ ಬಲೆ ಹಾಸಿ ಜನ ಆಲಿವ್ ಉದುರಿಸುತ್ತಿದ್ದರು.

ಮೆಹರ್ಜಿಯಾ ಒಳಗೆ ಚಾಪೆ ಮೇಲೆ, ಪಕ್ಕದಲ್ಲಿ ಬೋಗುಣಿ. ಅವಳ ನಾದಿನಿ ಹದ್ದಾ ಬಲೆ ಬಿಟ್ಟು ಬಂದು ಚಹಾ ಇಟ್ಟಳು. "ಪಟ್ಣದಿಂದ ನೋಡಕ್ ಬಂದ್ರಲ್ಲ, ದೇವ್ರು ಒಳ್ಳೇದ್ ಮಾಡ್ಲಿ ನಿಮ್ಗೆ."

ಲೋಟ ಮುಟ್ಟಲಿಲ್ಲ. ಹೇಳಿದೆ. ಡಬ್ಬಿ, ಚೀಟಿ, ಎರಡು ರಿಪೋರ್ಟು. ನಿನಗೆ ಕ್ಯಾನ್ಸರ್ ಇರಲಿಲ್ಲ.

ಹದ್ದಾ ಎದ್ದು ನಿಂತಳು. "ಏನಂದೆ? ಏನಂದೆ ನೀನು?"

ಮೆಹರ್ಜಿಯಾ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದಳು. "ಇನ್ನೊಂದ್ಸಲ ಹೇಳು."

ಲೆಲ್ಲಾ ಅನ್ನಲಿಲ್ಲ.

ಇನ್ನೊಂದು ಸಲ ಹೇಳಿದೆ. ಅವಳು ಗೋಡೆ ನೋಡುತ್ತಿದ್ದಳು.

"ಮತ್ತೆ ಆ ಕಾಯ್ಲೆ ಯಾರ್ದು?"

"ನಂದು."

"ಹೂಂ." ಬೋಗುಣಿ ದೂರ ತಳ್ಳಿದಳು. "ನಿಂಗ್ ಯಾವಾಗ್ ಗೊತ್ತಾಯ್ತು?"

ನಿನ್ನೆ ಅನ್ನಬಹುದಿತ್ತು. ವ್ಯಾನಿನಲ್ಲಿ ಕೂತು ಹಾಗೇ ಅನ್ನಬೇಕು ಅಂದುಕೊಂಡೂ ಇದ್ದೆ.

"ನೀನು ಎಣ್ಣೆ ತಂದ ದಿನ ಅನುಮಾನ ಬಂತು. ಎರಡನೇ ತಾರೀಕು ಖಚಿತ ಆಯ್ತು."

"ಎರಡು." ಬೆರಳು ಮಡಿಸಿದಳು. "ಮೂರು, ನಾಕು, ಐದು, ಆರು, ಏಳು. ಎಂಟಕ್ಕೆ ಸೂಜಿ." ಮಡಿಸಿದ ಮುಷ್ಟಿ ನನ್ನ ಕಡೆ ಹಿಡಿದಳು. "ಓದಕ್ ಬರಲ್ಲ ನಂಗೆ. ಎಣ್ಸಕ್ ಬರ್ತದೆ."

"ಡಾಕ್ಟರ್ ನಿಲ್ಲಿಸ್ತೀನಿ ಅಂದಿದ್ರು. ನನ್ನ ಆಪರೇಷನ್ ತಾರೀಕು ಅವರ ಕೈಲಿತ್ತು. ಹೆದರಿದೆ."

ಎದ್ದು ಕೂತಳು. ಹದ್ದಾ ಹಿಡಿಯಲು ಹೋದಳು, ತಳ್ಳಿದಳು. ಒಂದೇ ಕೈಯಲ್ಲಿ ಅಂಗಿ ಎತ್ತಿದಳು. ಪಕ್ಕೆಲುಬಿನ ಮೇಲೆ ಬಿಗಿದ ಚರ್ಮ, ಕಂಕುಳ ತನಕ ಕೆಂಪು ಗೆರೆ, ಹೊಲಿಗೆಯ ಚುಕ್ಕೆಗಳು.

"ಇದನ್ನೂ ಓದಿ ಹೇಳು."

ಚಹಾ ಲೋಟದ ಕಡೆ ನೋಡಿದೆ.

"ಯಾಕೆ? ಫ್ರೆಂಚಲ್ಲಿಲ್ವಾ?"

ಹದ್ದಾ ಚಹಾ ಹೊರಕ್ಕೆ ಚೆಲ್ಲಿದಳು. "ದೇವ್ರು ಕುರುಡಲ್ಲ ಬಿಡು, ತಂದಿಟ್ಟಿದಾನೆ ನಿನ್ ಎದೇಲೇ. ಹೋಗು. ನಾವ್ ಕೊಟ್ಟ ಎಣ್ಣೆ ನಿಂಗೇ ಇರ್ಲಿ, ದೀಪ ಹಚ್ಕೊ."

ಎರಡನೇ ಸೂಜಿಗೆ ಹೋಗಬೇಡ, ಯಾರು ಕರೆದರೂ ಹೋಗಬೇಡ — ಇದನ್ನು ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದೆ. ಮೆಹರ್ಜಿಯಾ ಗೋಡೆ ಕಡೆ ಹೊರಳಿದ್ದಳು.

ಜನವರಿ 17

ಇವತ್ತು ನನ್ನ ಆಪರೇಷನ್ ಆಗಬೇಕಿತ್ತು. ದೇಶವೆಲ್ಲ ಮುಷ್ಕರ. ಬಸ್ಸಿಲ್ಲ, ಶಾಲೆಯಿಲ್ಲ, ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಮಾತ್ರ. ನಾನು ತುರ್ತು ಅಲ್ಲವಂತೆ.

ಈ ತಾರೀಕಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಜನವರಿ 24

ಮ್ರಾದ್ ನನ್ನ ಫೈಲು ಬೇರೆಯವರಿಗೆ ದಾಟಿಸಿದ್ದಾರೆ. ಹೊಸ ಡಾಕ್ಟರು ಹೆಂಗಸು. ಕಣ್ಣು ನೋಡಿ ಮಾತಾಡುತ್ತಾರೆ. ಸ್ಕ್ಯಾನ್ ತೋರಿಸಿದರು. ಕಂಕುಳಲ್ಲಿ ನಾಲ್ಕು ಗಂಟು. ಅಕ್ಟೋಬರಿನ ಸ್ಕ್ಯಾನಿನಲ್ಲಿ ಒಂದೂ ಇರಲಿಲ್ಲ.

"ಆಗಲೇ ಮಾಡಿದ್ದರೆ?" ಕೇಳಿದೆ.

"ಆ ಪ್ರಶ್ನೆಗೆ ಉತ್ತರ ನಿಮಗೇ ಗೊತ್ತು," ಅಂದರು.

ಟ್ಯೂನಿಸ್‌ಗೆ ಹೋದರೆ ಮತ್ತೆ ಎರಡು ತಿಂಗಳು ಕಾಯಬೇಕು. ಇಲ್ಲೇ. ಫೆಬ್ರವರಿ 5. ಮೆಹರ್ಜಿಯಾದು? ಕೇಳಿದೆ. ಎರಡನೇ ಕೀಮೋಗೆ ಅವಳು ಬರುವುದಿಲ್ಲ ಅಂತ ಹೇಳಿಕಳಿಸಿದ್ದಾಳಂತೆ. ಆಸ್ಪತ್ರೆಯಿಂದ ಇನ್ನೂ ಒಂದು ಅಕ್ಷರ ಹೋಗಿಲ್ಲ ಅವಳಿಗೆ.

ಫೆಬ್ರವರಿ 4, ಸೋಮವಾರ. ವಾರ್ಡು, ಮಂಚ 9

ಮಧ್ಯಾಹ್ನ ಮೂರಕ್ಕೆ ಬಂದಳು. ಹದ್ದಾ ಹಿಂದೆ. ಮೆಹರ್ಜಿಯಾ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಾಳೆ. ಹುಬ್ಬು ತೆಳ್ಳಗಾಗಿದೆ. ಬಹೀಜಾ ಎದ್ದು ಕುರ್ಚಿ ಕೊಟ್ಟಳು. ಕೂರಲಿಲ್ಲ.

ಚೀಲದಿಂದ ಕಾಗದ ತೆಗೆದಳು. ಸಚಿವಾಲಯಕ್ಕೆ ದೂರು ಕೊಡುವ ನಮೂನೆ. ಖಾಲಿ. "ಬರ್ದು ಕೊಡು."

"ನಾನಾ?"

"ಮತ್ತಿನ್ಯಾರು? ಬೇರೆಯವ್ರು ತಪ್ಪು ಬರೀತಾರೆ."

ಬರೆದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಬಯಾಪ್ಸಿ ದಿನ. ನರ್ಸು. ಡಾಕ್ಟರ್ ಮ್ರಾದ್. ಮೂರನೇ ತಾರೀಕು ಅವರಿಗೆ ಗೊತ್ತಿತ್ತು. ಎಂಟಕ್ಕೆ ಸೂಜಿ ಹಾಕಿದರು.

"ಕಾಗ್ದ ಓದಿ ಹೇಳ್ದೋಳೂ ಒಬ್ಳಿದ್ಲು ಅಂತ ಬರಿ. ಬೇಗ ಕೊಯ್ಸ್ಕೊ ಅಂತ ಬೈದ್ಲು ಅಂತ ಬರಿ. ಆಮೇಲೆ ಅವ್ಳಿಗೆ ಗೊತ್ತಾಯ್ತು, ಆರು ದಿನ ಸುಮ್ನಿದ್ಲು ಅಂತ್ಲೂ ಬರಿ."

ಬರೆದೆ.

"ಹೆಸ್ರು?"

ನನ್ನ ಹೆಸರು, ನಜೀಹಾ ಬಿಂತ್ ಅಬ್ದಸ್ಸಲಾಂ. ಬರೆದೆ. ಬಹೀಜಾ ಕಿಟಕಿ ಕಡೆ ತಿರುಗಿಕೊಂಡಳು.

"ಎಲ್ಲಿ, ತೋರ್ಸು." ತೋರಿಸಿದೆ. ಅವಳು ಬೆರಳಿಟ್ಟು ಆ ಅರಬ್ಬಿ ಅಕ್ಷರಗಳ ಮೇಲೆ ಮೆಲ್ಲಗೆ ಎಳೆದಳು, ಬಲದಿಂದ ಎಡಕ್ಕೆ, ಎರಡು ಸಲ. ನಂಬಿದಳೋ ಇಲ್ಲವೋ.

ಕೊನೆಯ ಖಾನೆ ಒಂದಿತ್ತು. ದೂರುದಾರರು ಏನನ್ನು ಕೋರುತ್ತಾರೆ? ಓದಿ ಹೇಳಿದೆ.

"ಏನ್ ಕೇಳ್ಬೌದು?" ಅಂದಳು.

"ಶಿಕ್ಷೆ ಕೇಳಬಹುದು. ಪರಿಹಾರ ಕೇಳಬಹುದು. ತಪ್ಪಾಯ್ತು ಅಂತ ಬರೆದು ಕೊಡಿ ಅಂತ ಕೇಳಬಹುದು."

ಯೋಚಿಸಿದಳು. ಹದ್ದಾ, "ಎಲ್ಲಾನೂ ಕೇಳೇ," ಅಂದಳು. ಮೆಹರ್ಜಿಯಾ ತಲೆಯ ಬಟ್ಟೆ ಸರಿಮಾಡಿಕೊಂಡು ಹೊರಗೆ ಹೋದಳು. ನಮೂನೆ ಮಂಚದ ಮೇಲೇ ಬಿಟ್ಟಿದ್ದಾಳೆ. ಆ ಒಂದು ಖಾನೆ ಖಾಲಿ.

ಫೆಬ್ರವರಿ 5, ಬೆಳಿಗ್ಗೆ 7.20

ನೀಲಿ ಅಂಗಿ ಹಾಕಿದ್ದಾರೆ. ಹೊಟ್ಟೆಗೇನೂ ಇಲ್ಲ. ಕೈಯ ಪಟ್ಟಿಯ ಮೇಲಿನ ಹೆಸರು ಓದಿದೆ. ಬಲಗಡೆ ಅಂತ ಡಾಕ್ಟರ ಕೈಯಲ್ಲೇ ಪೆನ್ನಿನಿಂದ ಗುರುತು ಹಾಕಿಸಿದೆ. ನಗಲಿಲ್ಲ ಅವರು.

ಬಹೀಜಾ ಬಂದು ಹೇಳಿದಳು — ಮೆಹರ್ಜಿಯಾ ಊರಿಗೆ ಹೋಗಿಲ್ಲವಂತೆ. ಯಾರೋ ನೆಂಟರ ಮನೆಯಲ್ಲಿ ಉಳಿದು ಆರಕ್ಕೇ ಬಂದು ಕೂತಿದ್ದಾಳಂತೆ, ಆಪರೇಷನ್ ಕೋಣೆಯ ಎದುರಿನ ಬೆಂಚಿನಲ್ಲಿ. ಹದ್ದಾ ಎಷ್ಟು ಎಳೆದರೂ ಏಳುತ್ತಿಲ್ಲ.

ತಳ್ಳುಮಂಚದಲ್ಲಿ ಮಲಗಿಸಿ ಕಾರಿಡಾರಿನಲ್ಲಿ ನಿಲ್ಲಿಸಿದ್ದಾರೆ. ಅವಳು ಮೂರು ಹೆಜ್ಜೆ ದೂರದಲ್ಲಿ. ಈ ಪುಸ್ತಕ ಹೊಟ್ಟೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಒಳಗೆ ಹೋಗುವಾಗ ಬಹೀಜಾಗೆ ಕೊಡಬೇಕು. ಕೇಳಿದೆ:

"ಕೊನೇ ಖಾನೆ ಏನು ಬರೀಲಿ, ಹೇಳು. ಈಗಲೇ ಬರೆದುಬಿಡ್ತೀನಿ."

"ಈಗ ಬೇಡ."

"ಆಮೇಲೆ ನಾನು..."

"ನೀನು ಹೊರಗ್ ಬಾ ಮೊದ್ಲು," ಅಂದಳು. ಮುಖ ನೋಡದೆ. "ಬಂದ್ಮೇಲೆ ಹೇಳ್ತೀನಿ."

ಯಾವ ದನಿಯಲ್ಲಿ ಅಂದಳು ಅಂತ ಗೊತ್ತಾಗಲಿಲ್ಲ. ಇಷ್ಟು ವರ್ಷ ಬೇರೆಯವರ ಮಾತು ಅನುವಾದ ಮಾಡಿದವಳು ನಾನು. ಇದು ಮಾತ್ರ

ಬಾಗಿಲು ತೆರೆದರು. ಹೆಸರು ಹೇಳಿ ಅನ್ನುತ್ತಿದ್ದಾರೆ. ಪೂರ್ತಿ ಹೆಸರು, ಹುಟ್ಟಿದ ತಾರೀಕು, ಯಾವ ಕಡೆ ಅಂತ. ಹೇಳ್ತಾ ಇದ್ದೀ